ಗುಂಡ, ಹದಿನಾಲ್ಕು ಪಾಯಿಂಟ್

ಪಟ್ಟಿಯಲ್ಲಿ ಅದರ ಹೆಸರು ಇಂಗ್ಲಿಷಿನಲ್ಲಿದೆ, ಉದ್ದ.
ನಾನು ಕರೆಯುವುದು ಗುಂಡ ಅಂತ.
ಅರಸೀಕೆರೆ, ಸ್ಟೇಷನ್ ರಸ್ತೆ, ಜೆರಾಕ್ಸ್ ಮತ್ತು ಡಿಟಿಪಿ,
ಮಹಡಿಯಲ್ಲಿ ಟೈಲರ್, ಕೆಳಗೆ ನಾನು.
ಗಾಡಿ ಬಂದಾಗಲೆಲ್ಲ ಮೇಜು ಅದುರುತ್ತದೆ,
ಪರದೆಯ ಮೇಲೆ ಗುಂಡ ನಗುತ್ತಲೇ ಇರುತ್ತಾನೆ.

ಯಾರೋ ಕೈಯಲ್ಲಿ ಬರೆದ ಹಾಗಿದೆ, ಯಾರೂ ಬರೆದಿಲ್ಲ.
ತಲೆಕಟ್ಟು ಒಂಚೂರು ಓರೆ,
ಆಗಷ್ಟೇ ಎದ್ದ ಹುಡುಗನ ಕ್ರಾಪು.
‘ಠ’ ಅಂದರೆ ಪುರಿ ಉಂಡೆ.
ತುದಿಗಳೆಲ್ಲ ಮೊಂಡು,
ಕೂಸಿನ ಉಗುರು ಕತ್ತರಿಸಿಟ್ಟಂತೆ, ಎಲ್ಲೂ ತರಚುವುದಿಲ್ಲ.
‘ಜ್ಞ’ ಮಾತ್ರ ಅವನಿಗೆ ಬರುವುದಿಲ್ಲ, ಒತ್ತು ಜಾರಿ ಬೀಳುತ್ತದೆ.
ವಿಜ್ಞಾನ ಮೇಳದ ಬ್ಯಾನರಿಗೆ ನಾನೇ ಎತ್ತಿ ಕೂರಿಸಿದೆ.

ನಾಲ್ಕನೇ ಕ್ಲಾಸಿನಲ್ಲಿ ತಿಪ್ಪೇರುದ್ರಯ್ಯ ಮೇಷ್ಟ್ರು
ಗೆಣ್ಣಿನ ಮೇಲೆ ರೂಲುದೊಣ್ಣೆ ಇಟ್ಟು ಹೇಳುತ್ತಿದ್ದರು,
“ದುಂಡಗೆ ಬರಿಯೇ ಜಬೀನಾ, ಕನ್ನಡಕ್ಕೆ ಮೂಲೆ ಇಲ್ಲ.”
ಕಾಪಿ ಪುಸ್ತಕಗಳು ತುಂಬಿದವು.
ನನ್ನದು ಕಾಗೆ ಕಾಲು ಗುಬ್ಬಿ ಕಾಲಾಗಿಯೇ ಉಳಿಯಿತು.
ಈಗ ನೋಡಿ, ಒಂದು ಕ್ಲಿಕ್ಕಿಗೆ
ಊರಿಗೆಲ್ಲ ದುಂಡಕ್ಷರ ಹಂಚುತ್ತೇನೆ, ಪುಟಕ್ಕೆ ಮೂವತ್ತು ರೂಪಾಯಿ.

ಅಂಗನವಾಡಿ ಬಾಗಿಲಿಗೆ ‘ಚಪ್ಪಲಿ ಜೋಡಿಯಾಗಿ ಬಿಡಿ’.
ಉಪ್ಪಿನಕಾಯಿ ಶೀಶೆಗೆ ‘ಮನೆಯಲ್ಲೇ ಮಾಡಿದ್ದು’
(ಮಾಡಿದ್ದು ತಗಡಿನ ಶೆಡ್ಡಿನಲ್ಲಿ, ನನಗೆ ಗೊತ್ತು).
ಬಟ್ಟೆ ಅಂಗಡಿಯ ಪುಟಾಣಿ ಚೀಟಿಗಳು.
ತೊಟ್ಟಿಲ ಕಾರ್ಡು, ಮೂರು ಬಲೂನು.
ಹಲ್ಲಿನ ಡಾಕ್ಟರು ‘ಹೆದರಬೇಡಿ’ ಅಂತಷ್ಟೇ
ಗುಂಡನಲ್ಲಿ ಹಾಕಿಸಿದರು, ದರಪಟ್ಟಿಗೆ ಬೇರೆ ಫಾಂಟು.
ಹಾರನಹಳ್ಳಿಯ ಯಜಮಾನರೊಬ್ಬರು ಬಂದು
ತಮ್ಮದೇ ವೈಕುಂಠ ಸಮಾರಾಧನೆಯ ಕಾರ್ಡು ಕೂಡಿಸಿ ಹೋದರು,
“ತಾರೀಖಿನ ಜಾಗ ಖಾಲಿ ಇರಲಿ.
ಅಕ್ಷರ ಇದೇ ಇರಲಿ, ಮಕ್ಕಳು ಅಳುಮೋರೆ ಮಾಡ್ತಾವೆ.”

ಆಮೇಲೆ ಚಿನ್ನದ ಸಾಲದ ಆಫೀಸಿನ ಚೇತನ್ ಬಾಬು. ಇನ್ನೂರು ಪ್ರತಿ.
“ಆ ಮುದ್ದು ಅಕ್ಷರದಲ್ಲೇ ಹಾಕಿ ಮೇಡಂ,
ಜನ ಗಾಬರಿಯಾಗಬಾರದು.”
ಹಾಕಿದೆ.
ಬಾಕಿ, ಬಡ್ಡಿ, ದಂಡ, ಕೊನೆಯ ದಿನ
ಕೈಕೈ ಹಿಡಿದು ಸಾಲಾಗಿ ನಿಂತವು.
‘ಹರಾಜು’ ಅನ್ನುವಲ್ಲಿ ಕೊಂಬು ಬಾಲ ಅಲ್ಲಾಡಿಸಿತು.
ಅಂಚಿಗೆ ಏನಾದರೂ ಬೇಕಾ ಅಂದೆ.
ಬಳ್ಳಿ ಹಾಕಿ ಅಂದ.

ಹದಿನೆಂಟು ದಿನದ ಮೇಲೆ ಗಂಗಮಾಳಮ್ಮ ಬಂದಳು,
ಕೊಬ್ಬರಿ ಮಂಡಿಯಲ್ಲಿ ಚಿಪ್ಪು ಬಿಡಿಸುವವಳು,
ಬೆರಳ ಸಂದಿಯಲ್ಲಿ ಇನ್ನೂ ನಾರು.
“ನೋಡವ್ವ, ಯಾರ ಮನೇದು ಈ ನಾಮಕರಣ?
ಅಂಚೆಯೋನು ಕೊಟ್ಟೋದ, ದೇವ್ರ ಮುಂದೆ ಮಡಗಿದ್ದೆ.
ಬರಿಗೈಲಿ ಹೋಗಕ್ಕಾಯ್ತದಾ,
ಒಂದು ಜುಬ್ಬಾನೂ ತಗಂಡಿವ್ನಿ.”

ಬಳ್ಳಿಯ ಮೇಲೆ ಅರಿಶಿನದ ಬೆರಳಚ್ಚು.
ನಾನು ಓದಬೇಕಾಗಿರಲಿಲ್ಲ, ಕುಟ್ಟಿದವಳೇ ನಾನು.
ಆದರೆ ಖಾಲಿ ಬಿಟ್ಟ ಗೆರೆಗಳ ಮೇಲೆ
ಚೇತನ್ ಬಾಬುವಿನ ನೀಲಿ ಪೆನ್ನು, ನಿಜವಾದ ಕೈಬರಹ,
ನನ್ನದರ ಹಾಗೇ ಕಾಗೆ ಕಾಲು:
ಬಳೆ ಎರಡು. ಹದಿನಾರು ಗ್ರಾಂ.
ಕೊನೆಯ ದಿನ ಮೊನ್ನೆ.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.
ಮುಖಕ್ಕೆ ಯಾವ ಫಾಂಟು ಹಾಕಲಿ?

ಹೇಳಿದೆ.
ಹೇಗೆ ಹೇಳಿದೆನೋ ನೆನಪಿಲ್ಲ, ಅಷ್ಟರಲ್ಲಿ
ಹುಬ್ಬಳ್ಳಿ ಕಡೆಯ ಗಾಡಿ ಬಂತು, ಎಲ್ಲ ಅದುರಿತು,
ಅವಳು ಇನ್ನೊಂದು ಸಲ ಹೇಳು ಅಂದಳು.
ಇನ್ನೊಂದು ಸಲ ಹೇಳಿದೆ.

ಮುಂದಿನ ತಿಂಗಳು ಚೇತನ್ ಬಾಬು ಬಂದಾಗ
ಆ ಫಾಂಟು ಕೆಟ್ಟಿದೆ, ‘ಹ’ ಬೀಳುತ್ತಿಲ್ಲ ಅಂದೆ.
ಸೆಟೆದು ನಿಲ್ಲುವ ಅಕ್ಷರದಲ್ಲಿ, ದಪ್ಪಗೆ, ಬಳ್ಳಿಯಿಲ್ಲದೆ ಕೊಟ್ಟೆ.
ಮೇಷ್ಟ್ರು ಇದ್ದಿದ್ದರೆ ಗೆಣ್ಣು ಚಾಚಿಯೇ ನಿಲ್ಲುತ್ತಿದ್ದೆ.

ಜುಬ್ಬ ಸ್ಕ್ಯಾನರಿನ ಮೇಲೇ ಇದೆ, ಮರೆತು ಹೋದಳು.
ತಿಳಿ ಹಳದಿ, ಎದೆಗೊಂದು ಬಾತುಕೋಳಿ.
ಕತ್ತಿನ ಹತ್ತಿರ ಚೀಟಿ ನನ್ನ ಅಂಗಡಿಯದೇ,
ಗುಂಡ ನಗುನಗುತ್ತಾ ಹೇಳುತ್ತಿದ್ದಾನೆ:
ಮಾರಿದ ಮಾಲು ವಾಪಸ್ ಇಲ್ಲ.